ಮೂರು ಕಡೆ ಕೆಲಸ, ಒಂದೇ ಪಿಂಚಣಿ: ಫಾರಂ 10ಸಿ ತುಂಬೋ ಮುಂಚೆ

ಈ ಸಲದ ಪ್ರಶ್ನೆ ಹೊಸ ಅಗ್ರಹಾರದ ಅಕ್ಕ ಒಬ್ಬರದು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ 4 ವರ್ಷ, ನಂಜನಗೂಡಿನಲ್ಲಿ 3 ವರ್ಷ, ಈಗ ಮೈಸೂರಿನ ಹೆಬ್ಬಾಳದಲ್ಲಿ 5 ವರ್ಷ ದುಡಿದಿದ್ದಾರೆ. "ಮೂರು ಪಿಂಚಣಿ ಬರುತ್ತಾ, ಒಂದೇ ಬರುತ್ತಾ?" ಅಂತ ಕೇಳಿದ್ದಾರೆ.

ಒಂದೇ. ಅದೂ ವರ್ಷಗಳು ಕೂಡಿದರೆ ಮಾತ್ರ.

ನಿಮ್ಮ ಸಂಬಳದಿಂದ ಹಿಡಿಯೋ ಶೇ 12 ಪೂರ್ತಿ ಪಿಎಫ್‌ಗೆ ಹೋಗುತ್ತೆ. ಮಾಲೀಕರು ಹಾಕೋದರಲ್ಲಿ ಶೇ 8.33 ಮಾತ್ರ 1995ರ ನೌಕರರ ಪಿಂಚಣಿ ಯೋಜನೆಗೆ, ಅಂದರೆ ಇಪಿಎಸ್‌ಗೆ. ಪಿಎಫ್‌ನಲ್ಲಿ ದುಡ್ಡು ಬೆಳೆಯುತ್ತೆ. ಇಪಿಎಸ್‌ನಲ್ಲಿ ಎಣಿಸೋದು ಸೇವೆಯ ವರ್ಷಗಳನ್ನ. ಕನಿಷ್ಠ 10 ವರ್ಷ ಬೇಕು. ಪಿಂಚಣಿಗೆ ಲೆಕ್ಕ ಹಿಡಿಯೋ ಸಂಬಳವನ್ನ ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸ್ತಾರೆ. ಸಂಬಳ 15,000 ಅಂದ್ಕೊಳ್ಳಿ, 12 ವರ್ಷಕ್ಕೆ ತಿಂಗಳಿಗೆ ಸುಮಾರು 2,571 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಬದುಕಿರೋವರೆಗೂ ಬರುತ್ತೆ. ಮೊದಲ ಎರಡು ಕೆಲಸ ಬಿಟ್ಟಾಗ ಪಿಂಚಣಿ ದುಡ್ಡನ್ನೂ ತೆಗೆದಿದ್ದರೆ ಉಳಿಯೋದು 5 ವರ್ಷ. ಹೋದ ವರ್ಷಗಳು ವಾಪಸ್ ಸೇರಲ್ಲ.

ಕೆಲಸ ಹೋದಾಗ ದುಡ್ಡು ಬೇಡವಾ? ಬೇಕೇ ಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದದ್ದು ಇದಕ್ಕೇ: ಪಿಎಫ್‌ನ ಮಾಲೀಕರ ಪಾಲನ್ನ 58 ವರ್ಷದವರೆಗೆ ಮುಟ್ಟಂಗಿಲ್ಲ ಅನ್ನೋ ನಿಯಮ ಬಂದಿತ್ತು. ಕೇಂದ್ರ ಸರ್ಕಾರ ಅದನ್ನ ಹಿಂದಕ್ಕೆ ತಗೊಂಡಿತು. ಅವರ ಸಿಟ್ಟು ನ್ಯಾಯವಾದದ್ದೇ ಅನ್ನೋದು ನನ್ನ ಮಾತು. ಆದರೆ ಪಿಎಫ್ ಬೇರೆ, ಪಿಂಚಣಿ ಬೇರೆ. ಫಾರಂ 19 ಹಾಕಿ ಪಿಎಫ್ ತಗೊಂಡರೂ, ಫಾರಂ 10ಸಿಯಲ್ಲಿ "ದುಡ್ಡು ಬೇಡ, ಸ್ಕೀಮ್ ಸರ್ಟಿಫಿಕೇಟ್ ಕೊಡಿ" ಅಂತ ಕೇಳಬಹುದು. ಆ ಕಾಗದ ನಿಮ್ಮ ವರ್ಷಗಳನ್ನ ಕಾಯುತ್ತೆ. ಸೈಬರ್ ಸೆಂಟರ್‌ನಲ್ಲಿ ಎರಡೂ ಫಾರಂ ಒಟ್ಟಿಗೇ ಹಾಕಿಬಿಡ್ತಾರೆ, ಅಲ್ಲೇ ನಿಂತು ಕೇಳಿ.

ತಕ್ಷಣ ಬೇರೆ ಕೆಲಸ ಸಿಕ್ಕಿದರೆ ಇಷ್ಟೂ ಬೇಡ. ಹಳೇ ಯುಎಎನ್ ನಂಬರನ್ನೇ ಹೊಸ ಕಂಪನಿಗೆ ಕೊಡಿ, ಹಳೇ ಖಾತೆಯನ್ನ ವರ್ಗಾವಣೆ ಮಾಡಿಸಿ. ಹಳೇ ಕಂಪನಿ ನೀವು ಬಿಟ್ಟ ತಾರೀಖು ಹಾಕಿಲ್ವಾ? ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಆಧಾರ್‌ನಲ್ಲಿ "ಲಕ್ಷ್ಮಮ್ಮ", ಪಿಎಫ್‌ನಲ್ಲಿ "ಲಕ್ಷ್ಮಿ ಕೆ" ಅಂತಿದ್ದರೆ ಮೊದಲು ಹೆಸರು ಸರಿ ಮಾಡಿಸಿ; ನಮ್ಮ ಕಡೆ ಅರ್ಜಿ ಸಿಕ್ಕಿಹಾಕ್ಕೊಳ್ಳೋದು ಇಂಥದ್ದರಲ್ಲೇ. ವರ್ಗಾವಣೆ ಆದ ಮೇಲೆ ಹೊಸ ಪಾಸ್‌ಬುಕ್‌ನಲ್ಲಿ ಹಳೇ ಪಿಂಚಣಿ ಮೊತ್ತ ಸೊನ್ನೆ ಅಂತ ಕಂಡರೆ ಗಾಬರಿ ಬೇಡ. ದಾಟಿ ಬರೋದು ಸೇವೆಯ ಲೆಕ್ಕ, ದುಡ್ಡಲ್ಲ.

58 ತುಂಬಿದಾಗ ಪಿಂಚಣಿ ತಾನಾಗೇ ಬರಲ್ಲ, ಫಾರಂ 10ಡಿ ಹಾಕಬೇಕು. ಕೆಲಸ ಬಿಟ್ಟವರು 50 ಆದ ಮೇಲೆ ಯಾವಾಗ ಬೇಕಾದರೂ ಕೇಳಬಹುದು. 58ಕ್ಕೆ ಎಷ್ಟು ವರ್ಷ ಕಮ್ಮಿಯೋ, ವರ್ಷಕ್ಕೆ ಶೇ 4ರಂತೆ ಕಡಿತ.