'ದೃಶ್ಯ' ನೋಡಿದವರು ಕೇಳಬೇಕಾದ ಪ್ರಶ್ನೆ

ಮೊನ್ನೆ ಮಂಡ್ಯದಲ್ಲಿ ಬ್ಯಾರಿ ಸ್ನೇಹಿತರೊಬ್ಬರ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಮದ್ದೂರು, ಮಳವಳ್ಳಿಯ ಹುಡುಗರೂ ಇದ್ದರು. ಮಾತು ಸಿನಿಮಾದತ್ತ ಹೊರಳಿತು. 2013ರ ಮಲಯಾಳಂ 'ದೃಶ್ಯಂ' 2014ರಲ್ಲಿ ಕನ್ನಡದ 'ದೃಶ್ಯ'ವಾಯಿತು. 2021ರಲ್ಲಿ ಎರಡೂ ಭಾಷೆಯಲ್ಲಿ ಎರಡನೇ ಭಾಗ ಬಂತು.

"ಮೋಹನ್‌ಲಾಲ್ ಮುಂದೆ ಯಾರೂ ಇಲ್ಲ" ಎಂದರು ಸ್ನೇಹಿತರು.

"ನಮ್ ರವಿಚಂದ್ರನ್ ಏನ್ ಕಮ್ಮಿ ಸಾ?" ಅಂದ ಮದ್ದೂರಿನವ.

ಮಳವಳ್ಳಿಯ ಹುಡುಗ ಮೆಲ್ಲಗೆ ಕೇಳಿದ: "ಉಸ್ತಾದ್, ಅದ್ರಲ್ಲಿ ಕದ್ದು ವಿಡಿಯೊ ಮಾಡಿ ಆ ಹುಡ್ಗೀನ ಹೆದರಿಸ್ತಾನಲ್ಲ, ಹಂಗೇನಾದ್ರೂ ಆದ್ರೆ ನನ್ ತಂಗಿ ಮನೇಲಿ ಹೇಳ್ತಾಳಾ?"

ಎಲ್ಲರೂ ಸುಮ್ಮನಾದೆವು. ಅಪ್ಪ ಸಾಕ್ಷ್ಯ ಮುಚ್ಚಿದ ಜಾಣತನವನ್ನಷ್ಟೇ ನಾವು ಹೊಗಳಿದ್ದೆವು. ತಪ್ಪು ಹೆದರಿಸಿದವನದು, ಮಗಳದಲ್ಲ. ಉಪ್ಪ-ಉಮ್ಮ ಬೈಯುವ ಮೊದಲು ಕೇಳಿಸಿಕೊಂಡರೆ ಮಕ್ಕಳು ಬಂದು ಹೇಳುತ್ತಾರೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಈ ಮಾತು ಮನೆಯಲ್ಲಿ ಆಡೋಣ.