ದುಡ್ಡು ಕೊಟ್ಟು ದೋಣಿಗೆ ವಜ್ಜಿ ಹೇರುವ ಮಂದಿ!

ವಜ್ಜಿ ಹೆಚ್ಚಾದರೆ ದೋಣಿ ಮುಳುಗುತ್ತದೆ. ಇದನ್ನು ಹೇಳಲು ಯಾವ ಪಂಡಿತನೂ ಬೇಡ. ಇರಕಲ್ಲಗಡದಲ್ಲಿ ಕೊಪ್ಪಳದ ಬಸ್ಸಿಗೆ ಕಾಯುತ್ತ ನಿಂತ ಯಾರನ್ನು ಕೇಳಿದರೂ ‘ಅದ್ರಾಗೇನೈತ್ರಿ, ಹೇರು ಹೆಚ್ಚಾದ್ರ ಮುಳಗತೈತಿ’ ಅಂದಾರು. ಆದರೆ ಜಗತ್ತಿನಲ್ಲಿ ಇನ್ನೊಂದು ಜಾತಿಯ ಮಂದಿಯೂ ಇದ್ದಾರೆ. ಲಕ್ಷಗಟ್ಟಲೆ ಸುರಿದು ದೋಣಿ ಕೊಳ್ಳುತ್ತಾರೆ. ಅದು ಸಾಲದೆಂದು ದೊಡ್ಡ ದೊಡ್ಡ ಚೀಲ ಕೊಳ್ಳುತ್ತಾರೆ, ಪಂಪು ಕೊಳ್ಳುತ್ತಾರೆ. ಆಮೇಲೆ ತೇಲುತ್ತಿರುವ ಕೆರೆಯ ನೀರನ್ನೇ ಎತ್ತಿ ದೋಣಿಯೊಳಗೆ ತುಂಬುತ್ತಾರೆ! ದೋಣಿ ಐದಾರು ಕ್ವಿಂಟಲ್ ಭಾರವಾಗಿ ಕೆಳಗೆ ಕುಸಿದ ಮೇಲೆಯೇ ಅವರಿಗೆ ಸಮಾಧಾನ.

ತಲೆ ಕೆಟ್ಟವರು ಎಂದು ನಗುವ ಮೊದಲು ಅವರ ಲೆಕ್ಕ ಕೇಳಬೇಕು. ಅವರಿಗೆ ಬೇಕಾದದ್ದು ತೆರೆ.

‘ಇರಕಲ್ಲಗಡದ ಮುಂದ ಹೊಳಿ ಇಲ್ಲ, ನಮಗ್ಯಾಕ ಈ ಉಸಾಬರಿ’ ಅನ್ನುವವರೂ ಸ್ವಲ್ಪ ತಡೆಯಬೇಕು. ಅಂಜನಾದ್ರಿಗೆಂದು ಹೊರಟು, ಮಕ್ಕಳ ಹಟಕ್ಕೆ ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತುವವರು ಈ ಸೀಮೆಯವರೇ. ಅಮೆರಿಕದ ಮೋಟರ್ ದೋಣಿಯಾಗಲಿ, ಆನೆಗೊಂದಿಯ ಬಿದಿರಿನ ಹರಿಗೋಲಾಗಲಿ, ನೀರಿನ ಕಾಯ್ದೆ ಎರಡಕ್ಕೂ ಒಂದೇ.

ಒಬ್ಬನಿಗೆ ಸಪಾಟು, ಇನ್ನೊಬ್ಬನಿಗೆ ಉಬ್ಬು

1922ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗ ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು, ದೋಣಿಯ ಹಗ್ಗ ಹಿಡಿದು ನೀರಿನ ಮೇಲೆ ಜಾರಿದ. ಅಲ್ಲಿಂದ ವಾಟರ್ ಸ್ಕೀಯಿಂಗ್ ಎಂಬ ಆಟ ಶುರುವಾಯಿತು. ಇದರಲ್ಲಿ ದೋಣಿ ಜೋರಾಗಿ ಓಡಬೇಕು. ಸ್ಪರ್ಧೆಯಲ್ಲಿ ಗಂಡಸರಿಗೆ ಗಂಟೆಗೆ 58 ಕಿ.ಮೀ.ವರೆಗೆ. ದೋಣಿಯ ಹಿಂದಿನ ನೀರು ಆದಷ್ಟೂ ಸಪಾಟಾಗಿರಬೇಕು. ಆ ವೇಗದಲ್ಲಿ ಉಬ್ಬಿಗೆ ಕಾಲು ತಗುಲಿದರೆ ಆಟಗಾರ ಪಲ್ಟಿ.

ಮುಂದೆ ಬಂದದ್ದು ವೇಕ್‌ಬೋರ್ಡಿಂಗ್. ದೋಣಿ ಹೋದ ಮೇಲೆ ಅದರ ಹಿಂದೆ ಎರಡೂ ಕಡೆ ಎದ್ದು ಬರುವ ತೆರೆಗೆ ‘ವೇಕ್’ ಎನ್ನುತ್ತಾರೆ. ಎರಡು ಹಲಗೆಯ ಬದಲು ಒಂದೇ ಹಲಗೆ. ಅದರ ಮೇಲೆ ಅಡ್ಡಡ್ಡ ನಿಂತು, ಆ ತೆರೆಯನ್ನೇ ಏಣಿ ಮಾಡಿಕೊಂಡು ಆಕಾಶಕ್ಕೆ ಹಾರುವುದು. ವೇಗ ಸುಮಾರು 35 ಕಿ.ಮೀ. ಸಾಕು. ಆದರೆ ತೆರೆ ಎತ್ತರವಿರಬೇಕು, ಗಟ್ಟಿಯಿರಬೇಕು. ಸಪಾಟು ನೀರಿನಲ್ಲಿ ಇವನಿಗೆ ಕೆಲಸವೇ ಇಲ್ಲ.

ಅಪ್ಪನಿಗೆ ಸ್ಕೀ, ಮಗನಿಗೆ ವೇಕ್‌ಬೋರ್ಡ್ ಎಂದರೆ ಎರಡು ದೋಣಿ ಕೊಳ್ಳಬೇಕಾದೀತು. ಅದಕ್ಕೇ ಎರಡೂ ಕೆಲಸಕ್ಕೆ ಆಗುವ ‘ಕ್ರಾಸ್‌ಓವರ್’ ದೋಣಿ ಬಂತು. ಹಗಲು ಹೊಲಕ್ಕೆ, ಸಂಜೆ ದಿಬ್ಬಣಕ್ಕೆ ಒಂದೇ ಟ್ರ್ಯಾಕ್ಟರ್ ಇದ್ದ ಹಾಗೆ. ಖಾಲಿ ಇದ್ದಾಗ ಅಪ್ಪನಿಗೆ ಬೇಕಾದ ಸಪಾಟು ನೀರು ಬಿಡುತ್ತದೆ. ಮಗನ ಸರದಿ ಬಂದಾಗ ವಜ್ಜಿ ಹೇರಿಕೊಳ್ಳಬೇಕು. ಹೀಗೆ ಬೇಕೆಂದೇ ಹೇರಿಕೊಳ್ಳುವ ಭಾರಕ್ಕೆ ಬ್ಯಾಲಾಸ್ಟ್ ಎಂದು ಹೆಸರು.

ವಜ್ಜಿಗೂ ತೆರೆಗೂ ಏನು ಸಂಬಂಧ? ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳಿ ಕೂಡುತ್ತದೆ. ಜೋರಾಗಿ ಓಡಿದಾಗ ನೀರೇ ಅದನ್ನು ಮೇಲಕ್ಕೆ ಎತ್ತಿಕೊಳ್ಳುತ್ತದೆ, ಆಗ ತಳ ಬರೀ ಮೇಲೆ ಮೇಲೆ ಸವರಿಕೊಂಡು ಹೋಗುತ್ತದೆ. ವೇಗ ತಗ್ಗಿಸಿ, ತೂಕ ಹೆಚ್ಚಿಸಿ ನೋಡಿ. ತಳ ಆಳಕ್ಕೆ ಇಳಿಯುತ್ತದೆ, ಹಿಂದೆ ನೀರಿನಲ್ಲಿ ದೊಡ್ಡ ತಗ್ಗು ಬೀಳುತ್ತದೆ. ಆ ತಗ್ಗು ತುಂಬಲು ಎರಡೂ ಕಡೆಯ ನೀರು ನುಗ್ಗಿ ಬಂದು ಮೇಲೇಳುತ್ತದಲ್ಲ, ಅದೇ ತೆರೆ. ತಗ್ಗು ದೊಡ್ಡದಾದಷ್ಟೂ ತೆರೆ ದೊಡ್ಡದು.

ನೀರೇ ಯಾಕೆ? ಒಂದು ಲೀಟರಿಗೆ ಒಂದು ಕೆ.ಜಿ., ಪುಕ್ಕಟೆ ಸಿಗುತ್ತದೆ, ಆಟ ಮುಗಿದ ಮೇಲೆ ಹೊರಗೆ ಚೆಲ್ಲಬಹುದು. 340 ಕೆ.ಜಿ. ನೀರು ಹಿಡಿಯುವ ಚೀಲಗಳಿವೆ. ಅಂದರೆ ಗಂಗಾವತಿಯ 75 ಕೆ.ಜಿ. ಭತ್ತದ ಚೀಲ ನಾಲ್ಕೂವರೆ! ಕೆಲವರು ಸೀಸದ ಗಟ್ಟಿ ಇಡುತ್ತಾರೆ. ಸೀಸ ನೀರಿಗಿಂತ ಹನ್ನೊಂದು ಪಟ್ಟು ಭಾರ, ಜಾಗ ತಿನ್ನುವುದಿಲ್ಲ, ಸೀಟಿನಡಿ ಅಡಗಿ ಕೂಡುತ್ತದೆ. ಆದರೆ ಒಂದು ಸೂಕ್ಷ್ಮ ಇದೆ. ದೋಣಿಗೆ ನೀರು ನುಗ್ಗಿದ ದಿನ ನೀರಿನ ಚೀಲ ನೀರಿನೊಳಗೆ ತೂಕ ಕಳೆದುಕೊಳ್ಳುತ್ತದೆ, ದೋಣಿಯನ್ನು ಕೆಳಗೆ ಎಳೆಯುವುದಿಲ್ಲ. ಸೀಸ ಮಾತ್ರ ಹಿಡಿದು ತಳಕ್ಕೇ ಒಯ್ಯುತ್ತದೆ.

ಹಿಂಭಾರ, ಮುಂಭಾರ

ಹೊಸಬರು ಮಾಡುವ ಮೊದಲ ಕೆಲಸ ಎಂದರೆ ಇದ್ದಬದ್ದ ಚೀಲವನ್ನೆಲ್ಲ ಹಿಂದಕ್ಕೆ ಪೇರಿಸುವುದು. ತೆರೆ ಹಿಂದೆ ಏಳುತ್ತದೆ, ಆದ್ದರಿಂದ ವಜ್ಜಿಯೂ ಹಿಂದೆ ಇರಲಿ ಎಂಬ ತರ್ಕ. ಚಕ್ಕಡಿ ಹೂಡಿದ ರೈತ ಇದನ್ನು ನೋಡಿದರೆ ನಕ್ಕಾನು. ಹೇರು ಹಿಂದಾದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ, ಮುಂದಾದರೆ ನೊಗ ಹೆಗಲ ಮೇಲೆ ಕೂಡುತ್ತದೆ. ಎರಡರ ನಡುವೆ ಎಲ್ಲೋ ಒಂದು ಜಾಗದಲ್ಲಿ ಬಂಡಿ ಹಗುರಾಗಿ ಉರುಳುತ್ತದೆ. ಆ ಜಾಗ ಕಂಡುಕೊಳ್ಳಲು ರೈತ ತಕ್ಕಡಿ ತರುವುದಿಲ್ಲ, ಒಂದೆರಡು ಚೀಲ ಆಚೀಚೆ ಸರಿಸಿ ನೋಡುತ್ತಾನೆ, ಅಷ್ಟೇ.

ದೋಣಿಯೂ ಹಾಗೆಯೇ. ವಜ್ಜಿಯೆಲ್ಲ ಹಿಂದಾದರೆ ಮೂತಿ ಆಕಾಶಕ್ಕೆ ಏಳುತ್ತದೆ. ಓಡಿಸುವವನಿಗೆ ಮುಂದಿನ ನೀರು ಕಾಣುವುದಿಲ್ಲ. ತೆರೆ ಏನೋ ಎದ್ದೀತು, ಆದರೆ ಕಡಿದಾಗಿ, ಗಿಡ್ಡಾಗಿ, ತಲೆಯ ಮೇಲೆ ನೊರೆ ಹೊತ್ತು ಅಲ್ಲೇ ಕುಸಿಯುತ್ತದೆ. ಅದಕ್ಕೆ ಹಿಂದೆ ಹೆಚ್ಚು, ಮುಂದೆ ಕಡಿಮೆ ಎಂದು ಹಂಚಬೇಕು. ಮುಂದೆ ವಜ್ಜಿ ಬಿದ್ದ ಹಾಗೆ ತೆರೆ ಉದ್ದಕ್ಕೆ ಚಾಚಿ ನುಣುಪಾಗುತ್ತದೆ. ಹಾಗಂತ ಮುಂದೆಯೇ ಹೇರಿದರೆ ಬೇರೆ ಗಂಡಾಂತರ. ಬಿದ್ದ ಆಟಗಾರನನ್ನು ಕರೆತರಲು ಓಟ ತಗ್ಗಿಸಿ ತಿರುಗಿದಾಗ, ದೋಣಿ ತಾನೇ ಎಬ್ಬಿಸಿದ ತೆರೆ ಮೂತಿಯ ಮೇಲಿಂದ ಒಳಗೆ ಸುರಿಯುತ್ತದೆ.

ಎಡಬಲದ ಲೆಕ್ಕ ಇನ್ನೂ ನಾಜೂಕು. ಒಂದು ಬದಿ ಸ್ವಲ್ಪ ತಗ್ಗಿದರೂ ಒಂದು ಕಡೆಯ ತೆರೆ ಚೊಕ್ಕ, ಇನ್ನೊಂದು ಕಡೆಯದು ಕಲಸುಮೇಲೋಗರ. ಆಗ ಚೀಲ ಎತ್ತಿಡುವುದಿಲ್ಲ, ಕೂತವರಲ್ಲಿ ದಪ್ಪನೆಯ ಒಬ್ಬರನ್ನು ‘ನೀವು ಸ್ವಲ್ಪ ಆ ಕಡೆ ಕೂಡ್ರಿ’ ಎಂದು ಸರಿಸುತ್ತಾರೆ! ತಕ್ಕಡಿಯ ತಟ್ಟೆಗೆ ಚೂರು ಕಲ್ಲು ಕಟ್ಟಿ ಸರಿದೂಗಿಸುವ ಅಂಗಡಿಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಂಜಿನ್ನಿಗೂ ಏಟು ಬೀಳುತ್ತದೆ. ಹೇರು ತುಂಬಿದ ಟಂಟಂ ದಿಬ್ಬ ಏರುವಾಗ ಏದುಸಿರು ಬಿಡುವುದಿಲ್ಲವೇ, ಹಾಗೆ. ತೈಲ ಕುಡಿಯುತ್ತದೆ, ಮೇಲೇಳಲು ತಿಣುಕುತ್ತದೆ. ಕೆಲವರು ಇದಕ್ಕಾಗಿ ಪ್ರೊಪೆಲ್ಲರನ್ನೇ ಬದಲಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದುಂಟು. ಚೀಲವನ್ನು ಪೂರ್ತಿ ತುಂಬಬೇಕು, ಇಲ್ಲವೇ ಪೂರ್ತಿ ಖಾಲಿ ಇಡಬೇಕು. ಅರ್ಧ ತುಂಬಿದ ಚೀಲ ಅಪಾಯದ ಚೀಲ. ದೋಣಿ ಎಡಕ್ಕೆ ವಾಲಿದರೆ ಒಳಗಿನ ನೀರೂ ಎಡಕ್ಕೇ ಓಡುತ್ತದೆ, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ಕೂತಲ್ಲಿ ಕೂಡದ ವಜ್ಜಿ ಯಾವತ್ತೂ ಬಿದ್ದವನ ಮೇಲೇ ಬೀಳುವ ಜಾತಿ.

ಐದು ಇಂಚಿನ ಲೆಕ್ಕ

ಈಗ ನಮ್ಮ ಹೊಳೆಗೆ ಬನ್ನಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೋ ಪಾಯಿಸ್ ಆನೆಗೊಂದಿಯ ಹರಿಗೋಲು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿವೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, 15–20 ಮಂದಿ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಾರೆ, ನೆಟ್ಟಗೆ ಹೋಗದೆ ಗರಗರ ತಿರುಗುತ್ತಲೇ ಹೋಗುತ್ತವೆ ಎಂದು. ಐನೂರು ವರ್ಷ ಕಳೆದಿದೆ. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ವಿರೂಪಾಪುರಗಡ್ಡಿಯ ಕಡೆ ಕುದುರೆಯ ಜಾಗದಲ್ಲಿ ಮೋಟರ್ ಸೈಕಲ್ಲು ಹರಿಗೋಲು ಹತ್ತಿದ್ದೂ ಆಯಿತು. ಆಕಾರ ಮಾತ್ರ ಅದೇ.

ಈ ಆಕಾರದ ಗುಟ್ಟೇನು? ಎಂಟು ಅಡಿ ಅಗಲದ ಹರಿಗೋಲು, ತಲಾ 60 ಕೆ.ಜಿ.ಯ ಹತ್ತು ಮಂದಿ ಎಂದಿಟ್ಟುಕೊಳ್ಳಿ. ಒಟ್ಟು 600 ಕೆ.ಜಿ. ಆ ಅಮೆರಿಕದವನು ದುಡ್ಡು ಕೊಟ್ಟು ಹೇರಿಕೊಳ್ಳುವಷ್ಟೇ ವಜ್ಜಿ! ತಳ ಸಪಾಟು ಎಂದು ಹಿಡಿದರೆ ಈ ಹತ್ತೂ ಮಂದಿಯ ಭಾರಕ್ಕೆ ಹರಿಗೋಲು ಕೆಳಗಿಳಿಯುವುದು ಬರೀ ಐದು ಇಂಚು. ಅಂಚು ದುಂಡಗಿರುವುದರಿಂದ ಇನ್ನೊಂದೆರಡು ಇಂಚು ಸೇರಿಸಿ. ಅಗಲಕ್ಕೆ ಹರಡಿ ಕೂಡುವುದರಿಂದಲೇ ಅದು ತುಂಗಭದ್ರೆಯ ಬಂಡೆಗಳ ಮೇಲೆ ಗೇಣು ನೀರಿನಲ್ಲೂ ದಾಟುತ್ತದೆ, ಹಿಂದೆ ತೆರೆಯನ್ನೂ ಎಬ್ಬಿಸುವುದಿಲ್ಲ.

‘ಐದಾರು ಇಂಚು ಅಷ್ಟ ಅಲ್ಲೇನು, ಇನ್ನೂ ನಾಲ್ಕು ಮಂದಿ ಹತ್ತಲಿ’ ಎಂಬ ಆಸೆ ಹುಟ್ಟುವುದು ಇಲ್ಲೇ. ಲೆಕ್ಕ ಮೋಸ ಮಾಡುವುದೂ ಇಲ್ಲೇ. ಆ ಐದು ಇಂಚು ಎಲ್ಲರೂ ಸುತ್ತಲೂ ಸಮನಾಗಿ, ಕೆಳಗೆ, ಅಲುಗದೆ ಕೂತಾಗಿನ ಲೆಕ್ಕ. ನಾಲ್ಕು ಮಂದಿ ಫೋಟೊ ಹಿಡಿಯಲು ಎದ್ದು ಒಂದೇ ಅಂಚಿಗೆ ಬಂದರೆ ಅಲ್ಲಿ ಐದು ಇಂಚು ಒಂದು ಅಡಿಯಾಗುತ್ತದೆ. ಅಂಚಿನ ಎತ್ತರ ಎಷ್ಟು? ಮೊಣಕಾಲಿನಷ್ಟು. ಒಮ್ಮೆ ಅಂಚು ನೀರು ಮುಟ್ಟಿ ನಾಲ್ಕು ಕೊಡ ನೀರು ಒಳಗೆ ಬಂದರೆ, ಅದು ಅರ್ಧ ತುಂಬಿದ ಚೀಲದ ಹಾಗೆಯೇ ವಾಲಿದ ಕಡೆಗೆ ಓಡುತ್ತದೆ. ಬೈಕನ್ನು ನಡುಮಧ್ಯೆ ಇಟ್ಟು, ಮಂದಿಯನ್ನು ಸುತ್ತ ಕೂಡಿಸುವುದು ಇದೇ ಕಾರಣಕ್ಕೆ. ‘ಏಳಬ್ಯಾಡ್ರಿ, ಕೂತ್ಕೊಳ್ರಿ’ ಎಂದು ಹುಟ್ಟು ಹಾಕುವವನು ಗದರಿದರೆ ಸಿಟ್ಟಾಗುವ ಪ್ಯಾಟಿ ಮಂದಿ ಇದನ್ನು ತಿಳಿಯಬೇಕು. ದುಡ್ಡು ಕೊಟ್ಟವರು ತಾವೇ ಆದರೂ ಅಲ್ಲಿ ತಾವೂ ವಜ್ಜಿಯೇ, ಅದೂ ಕಾಲಿರುವ ವಜ್ಜಿ.

ಕಾಲಿರುವ ವಜ್ಜಿ

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. ದಡದಲ್ಲಿ ಕಾಡುಪ್ರಾಣಿ ಕಂಡು ಮಂದಿ ಒಂದೇ ಕಡೆಗೆ ಧಾವಿಸಿದರು ಎಂದು ಆಗ ವರದಿಯಾಯಿತು. ಆ ಮಂದಿ ಹೊಸದಾಗಿ ಹತ್ತಿದವರಲ್ಲ. ಅದೇ ವಜ್ಜಿಯನ್ನು ಹೊತ್ತು ದೋಣಿ ಅಲ್ಲಿತನಕ ತೇಲಿತ್ತು. ಬದಲಾದದ್ದು ಜಾಗ. ಅದೂ ಎರಡಂತಸ್ತಿನ ದೋಣಿ. ವಜ್ಜಿ ಮೇಲೆ ಹೋದಷ್ಟೂ ವಾಲಾಟ ಹೆಚ್ಚು. ಟಾಪಿನ ಮೇಲೆ ಮೂಟೆ ಹೇರಿದ ಬಸ್ಸು ತಿರುವಿನಲ್ಲಿ ಹೇಗೆ ಓಲಾಡುತ್ತದೆ ಎಂಬುದು ದಿನಾ ಬಸ್ಸು ಹತ್ತುವವರಿಗೆ ಗೊತ್ತು. ವೇಕ್‌ಬೋರ್ಡಿನವರು ನೀರಿನ ಚೀಲಗಳನ್ನು ಸೀಟಿನಡಿ, ತಳಕ್ಕೆ ಅಂಟಿದ ಹಾಗೆ ಇಡುವುದು ಸುಮ್ಮನೆ ಅಲ್ಲ.

ನಮ್ಮ ರಾಜ್ಯವೇನೂ ಹೊರತಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಸಮುದ್ರದಲ್ಲಿ ಮಗುಚಿ 16 ಮಂದಿ ತೀರಿಕೊಂಡರು. ದೋಣಿಯಲ್ಲಿ ಮಕ್ಕಳು ಮರಿ ಸೇರಿ ಮಂದಿ ಹೆಚ್ಚಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜೀವ ಹೋದವು. ಅಲ್ಲಿಯೂ ಮಿತಿ ಮೀರಿದ ಮಂದಿ. ಜಾತ್ರೆ, ರಜೆ, ಹಬ್ಬ... ದೋಣಿ ಮಗುಚುವ ದಿನಗಳು ಬಹುಮಟ್ಟಿಗೆ ಇವೇ. ಕಡೆಯ ಬಸ್ಸಿಗೆ ಜೋತು ಬೀಳುವ ಅಭ್ಯಾಸವನ್ನೇ ನಮ್ಮ ಮಂದಿ ದೋಣಿಗೂ ಒಯ್ಯುತ್ತಾರೆ. ರಸ್ತೆಯ ಮೇಲಾದರೆ ಕಂಡಕ್ಟರ್ ‘ಒಳಗ ಸರೀರಿ, ಒಳಗ ಸರೀರಿ’ ಎಂದು ಕೂಗಿ ಹೇಗೋ ತುಂಬಿಕೊಂಡಾನು. ನೀರಿನ ಮೇಲೆ ಆ ಕೂಗೇ ಮೃತ್ಯು.

ತಲೆ ಎಣಿಕೆಯೋ, ಕೆ.ಜಿ.ಯೋ?

ಅಮೆರಿಕದಲ್ಲಿ 20 ಅಡಿಗಿಂತ ಗಿಡ್ಡನೆಯ ಮೋಟರ್ ದೋಣಿಗಳಿಗೆ ಕಾರ್ಖಾನೆಯಲ್ಲೇ ಒಂದು ಫಲಕ ಬಡಿದಿರುತ್ತದೆ. ಎಷ್ಟು ಮಂದಿ ಎಂಬುದರ ಜೊತೆಗೆ, ಒಟ್ಟು ಎಷ್ಟು ತೂಕ ಎಂಬುದೂ ಅದರಲ್ಲಿರುತ್ತದೆ. ಮಂದಿ, ಸಾಮಾನು ಎಲ್ಲ ಸೇರಿ. ಬ್ಯಾಲಾಸ್ಟ್ ಚೀಲದ ನೀರೂ ಆ ಲೆಕ್ಕದೊಳಗೇ ಬರಬೇಕು. 600 ಕೆ.ಜಿ. ನೀರು ತುಂಬಿಸಿಕೊಂಡವನು ಹತ್ತು ಮಂದಿಯನ್ನು ಕೆಳಗಿಳಿಸಬೇಕು ಎಂದರ್ಥ. ಅಲ್ಲಿಯೂ ಇದನ್ನು ಮರೆತು ಚೀಲ, ಮಂದಿ ಎರಡನ್ನೂ ತುಂಬಿಕೊಂಡು ಹೊರಡುವ ಶೂರರಿಗೆ ಬರಗಾಲವಿಲ್ಲ.

ನಮ್ಮಲ್ಲಿ 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಯಂತ್ರವಿಲ್ಲದ ದೋಣಿಗಳ ಮಾತೂ ಅದರಲ್ಲಿದೆ. ಕಾಗದ ಸರಿಯಿದೆ. ಆದರೆ ಹರಿಗೋಲು ಕಾರ್ಖಾನೆಯಿಂದ ಬರುವುದಲ್ಲ, ಕೈಯಲ್ಲಿ ಹೆಣೆಯುವುದು. ಒಂದರ ಅಗಲ ಇನ್ನೊಂದಕ್ಕಿಲ್ಲ. ಹಾಗಿರುವಾಗ ‘ಇಷ್ಟು ಮಂದಿ’ ಎಂದು ಒಂದೇ ಸಂಖ್ಯೆ ಬರೆದರೆ ಅದು ಕಣ್ಣೊರೆಸುವ ಕೆಲಸ. 45 ಕೆ.ಜಿ.ಯ ಹುಡುಗನೂ ಒಂದು ತಲೆ, 90 ಕೆ.ಜಿ.ಯ ಸಾಹುಕಾರನೂ ಒಂದು ತಲೆ. ಬೇಕಾದದ್ದು ಅಂಚಿನ ಹೊರಮೈಗೆ ಬಣ್ಣದ ಒಂದು ಪಟ್ಟೆ. ಮಂದಿ ಕೂತ ಮೇಲೆ ಆ ಪಟ್ಟೆ ಸುತ್ತಲೂ ನೀರಿನ ಮೇಲೆ ಕಾಣಬೇಕು. ಒಂದು ಕಡೆ ಮುಳುಗಿದ್ದರೆ ಕೂತವರನ್ನು ಸರಿಸಬೇಕು, ಪೂರ್ತಿ ಮುಳುಗಿದ್ದರೆ ಒಬ್ಬಿಬ್ಬರನ್ನು ಇಳಿಸಬೇಕು. ಸಮುದ್ರದ ಹಡಗುಗಳ ಹೊಟ್ಟೆಯ ಮೇಲೆ ಹತ್ತೊಂಬತ್ತನೆಯ ಶತಮಾನದಿಂದ ಇಂಥ ಗೆರೆ ಇದೆ. ಪಟ್ಟೆ ಬಳಿಯಲು ಅರ್ಧ ಡಬ್ಬಿ ಬಣ್ಣ ಸಾಕು, ಅದಕ್ಕೆ ಟೆಂಡರ್ ಕರೆಯಬೇಕಿಲ್ಲ.

ಜಲಾಶಯದಿಂದ ಹೊಳೆಗೆ ನೀರು ಹೆಚ್ಚು ಬಿಟ್ಟಾಗ ಆನೆಗೊಂದಿ ಕಡೆ ಹರಿಗೋಲು ನಿಲ್ಲಿಸುತ್ತಾರೆ. ಉಳಿದ ದಿನ ಹತ್ತುವವರು ಮೊದಲು ಜಾಕೆಟ್ ಕೇಳಿ ಹಾಕಿಕೊಳ್ಳಲಿ, ಕೂತ ಮೇಲೆ ಎದುರಿನ ಅಂಚನ್ನೂ ತಮ್ಮ ಬೆನ್ನ ಹಿಂದಿನ ಅಂಚನ್ನೂ ಒಮ್ಮೆ ನೋಡಲಿ. ಎರಡೂ ನೀರಿನಿಂದ ಒಂದೇ ಎತ್ತರದಲ್ಲಿ ಇಲ್ಲದಿದ್ದರೆ ದಡ ಬಿಡುವ ಮೊದಲೇ ಬಾಯಿ ಬಿಟ್ಟು ಹೇಳಲಿ.