ಬೇಸಿಗೆಯ ಹಳ್ಳ, ಮೀನಿನ ಉಸಿರು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ರಾಯಚೂರು ಜಿಲ್ಲೆಯ ತುರ್ವಿಹಾಳ ಸೀಮೆಯ ಹಳ್ಳಗಳಿಗೂ ಜೀವ ಬರುತ್ತದೆ. 227 ಕಿ.ಮೀ. ಉದ್ದದ ಈ ಕಾಲುವೆಯಿಂದ ಭತ್ತದ ಗದ್ದೆಗೆ ಹರಿದ ನೀರು ಬಸಿದು ಹಳ್ಳ ಸೇರುತ್ತದೆ, ಅದರ ಬೆನ್ನಿಗೇ ಮೀನೂ ಬರುತ್ತದೆ. ಕಾಲುವೆ ಬಂದಾದ ಮೇಲೆ ಹರಿವು ನಿಂತು ಅಲ್ಲಲ್ಲಿ ಮಡುಗಳಷ್ಟೇ ಉಳಿಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಆ ಮಡುವಿನ ನೀರು ಎಷ್ಟು ಕಾಯುತ್ತದೆ ಎಂಬುದರ ಮೇಲೆ ಮೀನಿನ ಬದುಕು ನಿಂತಿದೆ.

ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 35 ಡಿಗ್ರಿಯಲ್ಲಿ 7ರ ಆಸುಪಾಸಿಗೆ ಇಳಿಯುತ್ತದೆ. ಮೀನಿನ ಮೈಗೆ ಹೆಚ್ಚು ಆಮ್ಲಜನಕ ಬೇಕಾಗುವುದೂ ಆಗಲೇ. ಗೊಬ್ಬರ ಬೆರೆತ ಬಸಿನೀರಿನಲ್ಲಿ ಪಾಚಿ ಹಬ್ಬಿದ್ದರೆ ಗಂಡಾಂತರ ಇಮ್ಮಡಿ: ಹಗಲಲ್ಲಿ ಆಮ್ಲಜನಕ ಬಿಡುವ ಪಾಚಿ ರಾತ್ರಿ ಅದನ್ನೇ ಹೀರುತ್ತದೆ. ನಸುಕಿನಲ್ಲಿ ರೋಹು, ಕಾಟ್ಲಾ ನೀರಿನ ಮೇಲ್ಗಡೆಗೆ ಬಂದು ಬಾಯಿ ತೆರೆದು ಮುಚ್ಚಿ ಏದುಸಿರು ಬಿಡುವುದು ಇದಕ್ಕೇ. ಕೊರಮೀನು ನೇರವಾಗಿ ಗಾಳಿಯನ್ನೇ ಉಸಿರಾಡಿ ಬದುಕಿಕೊಳ್ಳುತ್ತದೆ. ರೋಹುವಿಗೆ ಆ ಭಾಗ್ಯವಿಲ್ಲ.

ಈ ಸಂಕಟವನ್ನು ಮೊದಲೇ ಲೆಕ್ಕ ಹಾಕಬಹುದು. ಗಾಳಿಯ ಉಷ್ಣತೆಯಿಂದ ತೊರೆಯ ನೀರಿನ ಉಷ್ಣತೆಯನ್ನು ಅಂದಾಜಿಸುವ ಸೂತ್ರವೊಂದನ್ನು ಅಮೆರಿಕದ ಮೊಹ್ಸೆನಿ, ಸ್ಟೀಫನ್ ಮತ್ತು ಎರಿಕ್ಸನ್ 1998ರಲ್ಲಿ ಪ್ರಕಟಿಸಿದರು. ಬಿಸಿಲೇರಿದಾಗ ಆವಿಯಾಗುವ ನೀರು ತನ್ನೊಡನೆ ಶಾಖವನ್ನೂ ಒಯ್ಯುತ್ತದೆ. ಹಾಗಾಗಿ ಗಾಳಿ ಕಾದ ವೇಗದಲ್ಲಿ ನೀರು ಕಾಯುವುದಿಲ್ಲ ಎಂಬುದು ಅದರ ತಿರುಳು. ಇಟಲಿಯ ತೊಫೊಲೊನ್ ಮತ್ತು ಪಿಕೊಲ್ರೊವಾಜ್ 2015ರಲ್ಲಿ ಹರಿವಿನ ಪ್ರಮಾಣವನ್ನೂ ಸೇರಿಸಿ ಮತ್ತೊಂದು ಮಾದರಿ ರೂಪಿಸಿದರು. ತುರ್ವಿಹಾಳಕ್ಕೆ ಹೊಂದುವುದು ಈ ಎರಡನೆಯದೇ. ಇಲ್ಲಿ ಹಳ್ಳದ ಹಣೆಬರಹ ಬರೆಯುವುದು ಬಿಸಿಲೊಂದೇ ಅಲ್ಲ, ಕಾಲುವೆಯ ಗೇಟೂ ಹೌದು.

ಅಮೆರಿಕದ ಅರಣ್ಯ ಇಲಾಖೆ ಪಶ್ಚಿಮ ರಾಜ್ಯಗಳ ತೊರೆಗಳ ತಾಪಮಾನವನ್ನು ನಕಾಶೆಗಿಳಿಸಿದ್ದು ತಣ್ಣೀರು ಬೇಡುವ ಟ್ರೌಟ್ ಮೀನಿಗೆ ನೆಲೆ ಎಲ್ಲಿ ಉಳಿದೀತು ಎಂದು ತಿಳಿಯಲು. ನಮ್ಮ ಮೀನುಗಳು ಬೆಚ್ಚನೆ ನೀರಿನವು. ಇಲ್ಲಿ ತಿಳಿಯಬೇಕಾದದ್ದು ಯಾವ ಮಡು ಮೇ ಕೊನೆಯವರೆಗೂ ಮೀನನ್ನು ಕಾಪಾಡೀತು ಎಂಬುದು.

ಅದಕ್ಕೆ ದೊಡ್ಡ ಖರ್ಚೇನೂ ಬೇಡ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದ ಹವಾಮಾನ ಮಾಹಿತಿ ಸಂಗ್ರಹಿಸುತ್ತದೆ. ಕಾಲುವೆಗೆ ನೀರು ಬಿಟ್ಟ ದಿನಗಳ ದಾಖಲೆ ನೀರಾವರಿ ಕಚೇರಿಯಲ್ಲಿರುತ್ತದೆ. ಮಡುವಿನ ತಳದಲ್ಲೊಂದು, ಮೇಲ್ಗಡೆಯಲ್ಲೊಂದು ತಾಪಮಾಪಕ ಇಳಿಬಿಟ್ಟು ಒಂದು ಬೇಸಿಗೆ ಬರೆದಿಟ್ಟರೆ ಲೆಕ್ಕಕ್ಕೆ ಬುನಾದಿ ಸಿಗುತ್ತದೆ. ಮೀನುಗಾರಿಕೆ ಇಲಾಖೆ ಮತ್ತು ಹತ್ತಿರದ ಕಾಲೇಜುಗಳು ಬರುವ ಬೇಸಿಗೆಯಲ್ಲೇ ಇದಕ್ಕೆ ಕೈಹಚ್ಚಲಿ. ಅಲ್ಲಿಯತನಕ ಆಳವಾದ ಮಡುಗಳಿಗೆ ಮೋಟಾರು ಇಟ್ಟು ಬರಿದು ಮಾಡುವುದನ್ನೂ ಅಲ್ಲಿನ ಮರಳು ತೆಗೆಯುವುದನ್ನೂ ಊರವರೇ ತಡೆಯಬೇಕು.